ಮೇಜಿನ ಮೇಲೆ ಬ್ಯೂಟ್: ಹೊಂಡ ಆಯ್ತು, ಈಗ ನೀರಿನ ಕೆಲಸ

ಬೆಂಗಳೂರಿನಲ್ಲಿ ಮಳೆ ಹಿಡಿದರೆ ರೆಸಿನ್ (ಮಾದರಿಯಲ್ಲಿ ನೀರು ತೋರಿಸಲು ಹೊಯ್ಯುವ ದ್ರವ) ಸರಿಯಾಗಿ ಗಟ್ಟಿಯಾಗುವುದಿಲ್ಲ, ಮೇಲೆ ಮಂಜು ಮಂಜಾದ ಪೊರೆ ಕೂರುತ್ತದೆ. ಹಾಗಾಗಿ ಮಳೆಗೆ ಮೊದಲೇ ಮುಗಿಸಲೆಂದು ಈ ತಿಂಗಳು ಬೇರೆಲ್ಲ ಬದಿಗಿಟ್ಟು ಬ್ಯೂಟ್ ಊರಿನ ಮಾದರಿಯ ಕೆಲಸಕ್ಕೇ ಕೂತೆ. ಗುಡ್ಡ, ಗಣಿಗೆ ನೆಟ್ಟಗೆ ಇಳಿಯುವ ಶಾಫ್ಟ್‌ಗಳು, ಹೊಂಡ ಮೂರೂ ಒಂದು ರೂಪಕ್ಕೆ ಬಂದಿವೆ. ನೀರು ಅರ್ಧ ಆಗಿದೆ.

ಹೊಸಬರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ನಾನು ಮಾಡುತ್ತಿರುವುದು ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ತಾಮ್ರದ ಗಣಿ ಊರಿನ ಮಾದರಿ. ಅಳತೆ 1:5000. ಅಲ್ಲಿನ 50 ಮೀಟರ್ ಇಲ್ಲಿ 1 ಸೆಂ.ಮೀ. ಹಲಗೆ 80 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, ಅಂದರೆ 4 ಕಿ.ಮೀ.ಗೆ 3 ಕಿ.ಮೀ. ಜಾಗ. ನಮ್ಮ ಚಿತ್ರದುರ್ಗದ ಇಂಗಳದಾಳದಲ್ಲೂ ತಾಮ್ರದ ಗಣಿ ಇತ್ತಲ್ವಾ, ಅದನ್ನೇ ಯಾಕೆ ಮಾಡಲಿಲ್ಲ ಎಂದು ಗೆಳೆಯರು ಕೇಳುತ್ತಾರೆ. ಬ್ಯೂಟ್‌ನ ನಕ್ಷೆಗಳು, ಶಾಫ್ಟ್‌ಗಳ ಆಳ, ಗಣಿಯೊಳಗಿನ ನೀರಿನ ಮಟ್ಟ ಎಲ್ಲವೂ ಮನೆಯಲ್ಲಿ ಕೂತೇ ಸಿಗುತ್ತವೆ. ಮಾದರಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಆಸೆ ಬೇರೆ ಇಲ್ಲ.

ಗುಡ್ಡ

3 ಮಿ.ಮೀ. ದಪ್ಪದ ಹಗುರ ಫೋಮ್ ಹಾಳೆ, ಅಂದರೆ ಸನ್‌ಬೋರ್ಡ್. ಒಂದು ಪದರ ಅಂದರೆ 15 ಮೀಟರ್ ಎತ್ತರ. ಕತ್ತರಿಸಿ, ಫೆವಿಕಾಲ್ ಹಾಕಿ, ಒಂದರ ಮೇಲೊಂದು ಕೂರಿಸಿ, ಅಂಚಿಗೆ ಪಿಒಪಿ ತುಂಬಿ ತಿಕ್ಕಿದ್ದಾಯಿತು. ಇದರಲ್ಲಿ ಹೇಳುವಂಥದ್ದೇನಿಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಯೋಚನೆ ಮಾಡಬೇಕಾಯಿತು. ಹಸಿರು ಹಾಕುವ ಹಾಗಿಲ್ಲ. ಗಣಿಯ ಒಳಗೆ ಆಸರೆ ಕಟ್ಟಲು, ಕುಲುಮೆ ಉರಿಸಲು ಸುತ್ತಲಿನ ಮರ ಕಡಿದರು. ಉಳಿದದ್ದನ್ನು ಹೊಗೆ ಸುಟ್ಟಿತು.

ಆ ಹೊಗೆಯ ಕತೆ ಕೇಳಿ. 1864ರಲ್ಲಿ ಅಲ್ಲಿ ಮೊದಲು ಸಿಕ್ಕಿದ್ದು ಹಳ್ಳದ ಮರಳಿನ ಚಿನ್ನ. ಆಮೇಲೆ ಬೆಳ್ಳಿ. ಐರ್ಲೆಂಡಿನಿಂದ ಬಂದ ಮಾರ್ಕಸ್ ಡೇಲಿ ಬೆಳ್ಳಿಗೆಂದೇ ಅನಕೊಂಡ ಗಣಿ ಕೊಂಡ. 1882ರಲ್ಲಿ ಅದರ ಆಳದಲ್ಲಿ ಭಾರಿ ತಾಮ್ರ ಸಿಕ್ಕಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಎಡಿಸನ್‌ನ ವಿದ್ಯುತ್ ಕೇಂದ್ರ ಶುರುವಾಗಿತ್ತು. ಜಗತ್ತಿಗೆಲ್ಲ ತಂತಿ ಬೇಕಾಯಿತು. ಅದಿರಿನಲ್ಲಿ ಗಂಧಕ ಜಾಸ್ತಿ, ಆರ್ಸೆನಿಕ್ಕೂ ಇತ್ತು. ಗಂಧಕ ಓಡಿಸಲು ಅದಿರು, ಸೌದೆ ಸೇರಿಸಿ ಬಯಲಲ್ಲೇ ರಾಶಿ ಹಾಕಿ ಸುಡುತ್ತಿದ್ದರು. ಊರಿನ ಮೇಲೆ ಹಗಲಲ್ಲೇ ದೀಪ ಹಚ್ಚುವಷ್ಟು ಹೊಗೆ. ಜನ ಉಸಿರು ಕಟ್ಟಿ ಸತ್ತರು. 1891ರಲ್ಲಿ ಕೋರ್ಟಿಗೆ ಹೋಗಿ ರಾಶಿ ಸುಡುವುದನ್ನು ನಿಲ್ಲಿಸಬೇಕಾಯಿತು. ಅದಕ್ಕೆ ಸ್ವಲ್ಪ ಮೊದಲು, 1889ರಲ್ಲಿ, ಇನ್ನೊಬ್ಬ ತಾಮ್ರದ ದೊರೆ ವಿಲಿಯಂ ಕ್ಲಾರ್ಕ್ ಸಭೆಯಲ್ಲಿ ಎದ್ದು ನಿಂತು ಹೊಗೆಯನ್ನು ಹೊಗಳಿದ್ದ. ಅದರಲ್ಲಿನ ಆರ್ಸೆನಿಕ್‌ನಿಂದ ಊರಿನ ಹೆಂಗಸರ ಮೈಬಣ್ಣ ಚೆನ್ನಾಗಿ ಆಗುತ್ತದಂತೆ! ದುಡ್ಡಿದ್ದವರ ಧೈರ್ಯ ಎಲ್ಲ ಕಾಲದಲ್ಲೂ ಒಂದೇ.

ಗುಡ್ಡಕ್ಕೆ ಕಡೆಗೆ ಬೂದಿ ಬೆರೆತ ಮಣ್ಣಿನ ಬಣ್ಣ ಹೊಡೆದೆ.

ಶಾಫ್ಟ್‌ಗಳು

ಮಾದರಿ ಮಾಡುವವರು ಗುಡ್ಡ ಎದ್ದು ಕಾಣಲಿ ಎಂದು ಎತ್ತರವನ್ನು ಎರಡು ಪಟ್ಟು ಮಾಡುವುದುಂಟು. ನಾನು ಅಡ್ಡಕ್ಕೂ ಉದ್ದಕ್ಕೂ ಆಳಕ್ಕೂ ಒಂದೇ ಅಳತೆ ಇಟ್ಟೆ. ಕಾರಣ ಇಲ್ಲಿದೆ. ಬ್ಯೂಟ್ ಅಂದರೆ ಎಲ್ಲರೂ ತೋರಿಸುವುದು ಬರ್ಕ್ಲಿ ಹೊಂಡವನ್ನು. ಅದರ ಉದ್ದ 1.6 ಕಿ.ಮೀ., ಅಗಲ ಅದರ ಅರ್ಧ, ಆಳ ಸುಮಾರು 540 ಮೀಟರ್. ಮಾದರಿಯಲ್ಲಿ ಆ ಆಳ 11 ಸೆಂ.ಮೀ. ಸಹ ಇಲ್ಲ. ಆದರೆ ಮೌಂಟನ್ ಕಾನ್ ಎಂಬ ಗಣಿಯ ಶಾಫ್ಟ್ 1,600 ಮೀಟರ್ ಆಳ. ಅದು ಹಲಗೆಯ ಕೆಳಗೆ 32 ಸೆಂ.ಮೀ. ಇಳಿಯುತ್ತದೆ! ಹೀಗಾಗಿ ಇಡೀ ಹಲಗೆಗೆ ಉದ್ದ ಕಾಲು ಕೊಟ್ಟು ಮೇಜಿನ ಹಾಗೆ ನಿಲ್ಲಿಸಬೇಕಾಯಿತು. ಕೆಳಗೆ ಬಗ್ಗಿ ನೋಡಿದರೆ ತಂತಿಗಳು ಇಳಿಬಿದ್ದಿರುತ್ತವೆ. ಹಳೆ ಮೋಟಾರಿನ ವೈಂಡಿಂಗ್ ತಂತಿ, ತಾಮ್ರದ್ದೇ. ಅಡ್ಡ ಸುರಂಗಗಳಿಗೆ ಸಣ್ಣ ಎಳೆಗಳನ್ನು ಬೆಸುಗೆ ಹಾಕಿದ್ದೇನೆ. ಎಲ್ಲವನ್ನೂ ಹಾಕಲು ಆಗುವುದಿಲ್ಲ ಬಿಡಿ. ಬ್ಯೂಟ್ ಗುಡ್ಡದೊಳಗೆ ಒಟ್ಟು 16,000 ಕಿ.ಮೀ. ಸುರಂಗ ಇದೆ ಎಂಬ ಲೆಕ್ಕ ಆ ಊರಿನವರ ಬಾಯಲ್ಲಿದೆ.

ಶಾಫ್ಟ್‌ನ ಬಾಯಿಯ ಮೇಲಿನ ಕಬ್ಬಿಣದ ಗೋಪುರಗಳಿಗೆ ಸ್ಟೇಪ್ಲರ್ ಪಿನ್ ಮಡಚಿ ನಿಲ್ಲಿಸಿದೆ. ಹತ್ತಕ್ಕೂ ಹೆಚ್ಚು ಗೋಪುರಗಳು ಇಂದಿಗೂ ಅಲ್ಲಿ ಊರಿನ ನಡುವೆಯೇ ನಿಂತಿವೆ, ರಾತ್ರಿ ಕೆಂಪು ದೀಪ ಹಾಕುತ್ತಾರೆ. ನಾನೂ ಎಸ್.ಪಿ. ರಸ್ತೆಯಿಂದ ಸಣ್ಣ ಎಲ್‌ಇಡಿ ತಂದಿದ್ದೇನೆ.

ಒಂದು ಗೋಪುರಕ್ಕೆ ಮಾತ್ರ ದೀಪ ಬೇಡ ಅನ್ನಿಸಿತು. ಗ್ರಾನೈಟ್ ಮೌಂಟನ್. 1917ರ ಜೂನ್ 8ರ ರಾತ್ರಿ ಅಲ್ಲಿ ಕೆಳಗಿಳಿಸುತ್ತಿದ್ದ ವಿದ್ಯುತ್ ಕೇಬಲ್ ಜಾರಿ ಬಿದ್ದು ಹರಿಯಿತು. ಅದನ್ನು ನೋಡಲು ಹೋದವರ ಕಾರ್ಬೈಡ್ ದೀಪದ ಕಿಡಿ ಎಣ್ಣೆ ಹಿಡಿದ ಹೊದಿಕೆಗೆ ತಾಗಿತು. 168 ಜನ ಸತ್ತರು. ಬೆಂಕಿಗಿಂತ ಹೊಗೆಗೆ, ವಿಷದ ಗಾಳಿಗೆ ಸತ್ತವರೇ ಹೆಚ್ಚು. ಕೇಬಲ್ ಇಳಿಸುತ್ತಿದ್ದದ್ದು ಬೆಂಕಿ ಆರಿಸುವ ವ್ಯವಸ್ಥೆಗೇ ಆಗಿತ್ತು. ಮ್ಯಾನಸ್ ಡಗ್ಗನ್ ಎಂಬ ಕೆಲಸಗಾರ ಜೊತೆಯವರನ್ನು ಒಂದು ಸುರಂಗದೊಳಗೆ ಸೇರಿಸಿ, ಹಲಗೆ, ಮಣ್ಣು, ಬಟ್ಟೆಯಿಂದ ಬಾಯಿ ಮುಚ್ಚಿ ಹಲವರನ್ನು ಉಳಿಸಿದ. ಅವನು ಮಾತ್ರ ಬರಲಿಲ್ಲ. ಇದಾದ ಮೇಲೆ ಇಡೀ ಊರು ಮುಷ್ಕರ ಹೂಡಿತು. ಆಗಸ್ಟ್ 1ರ ಬೆಳಗಿನ ಜಾವ ಫ್ರಾಂಕ್ ಲಿಟ್ಲ್ ಎಂಬ ಕಾರ್ಮಿಕ ಮುಖಂಡನನ್ನು ಮುಸುಕು ಹಾಕಿಕೊಂಡು ಬಂದವರು ಎಳೆದೊಯ್ದು ರೈಲು ಸೇತುವೆಗೆ ನೇಣು ಹಾಕಿದರು. ಯಾರಿಗೂ ಶಿಕ್ಷೆ ಆಗಲಿಲ್ಲ.

ಗಣಿ ಇಳಿದವರಲ್ಲಿ ಐರಿಷ್, ಫಿನ್ನಿಶ್, ಇಟಾಲಿಯನ್, ಸರ್ಬಿಯನ್ ಎಲ್ಲರೂ ಇದ್ದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನವರಂತೂ ಬಹಳ. ನಮ್ಮ ಕೆಜಿಎಫ್‌ಗೆ ಬಂದ ಗಣಿ ಮೇಸ್ತ್ರಿಗಳೂ ಅದೇ ಕಾರ್ನ್‌ವಾಲ್‌ನವರೇ. ಗಟ್ಟಿ ಬಂಡೆ ಒಡೆಯುವ ಕೆಲಸ ಎಲ್ಲಿದ್ದರೂ ಅವರು ಅಲ್ಲಿರುತ್ತಿದ್ದರು.

ಎತ್ತಿ ತೆಗೆಯುವ ಊರು

ಮಾದರಿ ಮಾಡುವಾಗ ಯಾವ ವರ್ಷದ ಊರು ಅನ್ನುವುದನ್ನು ಮೊದಲೇ ತೀರ್ಮಾನಿಸಬೇಕು. ನನಗೆ ಆಗಲಿಲ್ಲ. 1955ರ ಮೊದಲಿನದ್ದು ಮಾಡಿದರೆ ಹೊಂಡ ಇಲ್ಲ. ಆಮೇಲಿನದ್ದು ಮಾಡಿದರೆ ಊರಿನ ಒಂದು ಭಾಗವೇ ಇಲ್ಲ. ಅದಕ್ಕೆ ಹೊಂಡದ ಆಕಾರದ ಒಂದು ಮುಚ್ಚಳ ಮಾಡಿದೆ. ಅದರ ಮೇಲೆ ಬೀದಿಗಳು, ಮನೆಗಳು. ಅದನ್ನೆತ್ತಿದರೆ ಕೆಳಗೆ ಹೊಂಡ.

ಮುಚ್ಚಳದ ಮೇಲೆ ಇರುವುದು ಮೀಡರ್‌ವಿಲ್, ಮೆಕ್ವೀನ್, ಈಸ್ಟ್ ಬ್ಯೂಟ್. ಮೀಡರ್‌ವಿಲ್ ಇಟಲಿಯವರ ಕೇರಿ, ಊಟದ ಹೋಟೆಲುಗಳಿಗೆ ಹೆಸರಾಗಿತ್ತು. ಈ ಅಳತೆಯಲ್ಲಿ ಒಂದು ಮನೆ ಅಂದರೆ 2 ಮಿ.ಮೀ. ಬೆಂಕಿಕಡ್ಡಿಯ ದಪ್ಪವೂ ಅಷ್ಟೇ! ಕಡ್ಡಿಗಳನ್ನು ಬ್ಲೇಡಿನಲ್ಲಿ ತುಂಡು ಮಾಡಿ, ಚಿಮಟದಲ್ಲಿ ಹಿಡಿದು ಅಂಟಿಸುತ್ತಾ ಹೋದೆ. ಕಣ್ಣು ಹೋಗುವ ಕೆಲಸ. ಆದರೂ ಈ ಭಾಗವನ್ನು ಚೆಂದ ಮಾಡಲೇಬೇಕು ಅನ್ನಿಸಿತ್ತು.

ಒಳ್ಳೆ ಅದಿರು ತೆಳುವಾದಂತೆ ಶಾಫ್ಟ್ ಇಳಿಸಿ ತೆಗೆಯುವುದು ದುಬಾರಿಯಾಯಿತು. ಕಡಿಮೆ ತಾಮ್ರದ ಬಂಡೆಯನ್ನು ರಾಶಿಗಟ್ಟಲೆ ಅಗೆದು ತೆಗೆದರೆ ಲಾಭ ಅಂತ ಅನಕೊಂಡ ಕಂಪನಿ 1955ರಲ್ಲಿ ಹೊಂಡ ಶುರು ಮಾಡಿತು. ಮನೆಗಳನ್ನು ಕೊಂಡು, ಕೆಡವಿ, ಕೆಲವನ್ನು ಲಾರಿ ಮೇಲೆ ಹೊತ್ತು ಬೇರೆಡೆ ಇಟ್ಟರು. ವಿರೋಧ ಇರಲಿಲ್ಲವೇ? ಇತ್ತು. ಆದರೆ ಅಗೆಯುತ್ತಿದ್ದವರೂ ಆ ಮನೆಗಳವರೇ. ಸಂಬಳ ಕೊಡುವ ಕೈಯೇ ಅಂಗಳ ಕೇಳಿದರೆ ಏನು ಹೇಳುವುದು? ಕ್ಲಾರ್ಕ್ ಊರಿನ ಮಕ್ಕಳಿಗೆ ಕೊಟ್ಟಿದ್ದ ಕೊಲಂಬಿಯಾ ಗಾರ್ಡನ್ಸ್ ಎಂಬ ಉದ್ಯಾನವೂ 1973ರಲ್ಲಿ ಗಣಿಗಾಗಿ ಮುಚ್ಚಿತು. ಅದು ನನ್ನ ಹಲಗೆಯ ಅಂಚಿನಾಚೆ ಬರುತ್ತದೆ. ಹಾಕಿಲ್ಲ.

ನೀರು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1971ರಲ್ಲಿ ಚಿಲಿ ದೇಶ ತನ್ನ ತಾಮ್ರದ ಗಣಿಗಳನ್ನು ರಾಷ್ಟ್ರೀಕರಣ ಮಾಡಿದಾಗ ಅನಕೊಂಡ ಕಂಪನಿಯ ಬೆನ್ನು ಮುರಿಯಿತು. 1977ರಲ್ಲಿ ಆರ್ಕೋ ಎಂಬ ಎಣ್ಣೆ ಕಂಪನಿ ಅದನ್ನು ಕೊಂಡಿತು. 1980ರಲ್ಲಿ ಬ್ಯೂಟ್ ಹತ್ತಿರದ, ಅದೇ ಹೆಸರಿನ ಅನಕೊಂಡ ಊರಿನ ಕುಲುಮೆ ಮುಚ್ಚಿತು. 1982ರ ಏಪ್ರಿಲ್ 22ರಂದು ಗಣಿಯಿಂದ ನೀರೆತ್ತುತ್ತಿದ್ದ ಪಂಪುಗಳನ್ನು ನಿಲ್ಲಿಸಿದರು. ಅವತ್ತು ವಿಶ್ವ ಭೂಮಿ ದಿನ, ಯಾರೂ ಬೇಕಂತ ಆರಿಸಿದ್ದಲ್ಲ. ಮೊದಲು ಶಾಫ್ಟ್‌ಗಳು ತುಂಬಿದವು, ಆಮೇಲೆ ಹೊಂಡ.

ಬರೀ ನೀರಾಗಿದ್ದರೆ ಕೆರೆ ಅನ್ನಬಹುದಿತ್ತು. ಬಂಡೆಯಲ್ಲಿ ಪೈರೈಟ್ ಇದೆ, ಅಂದರೆ ಕಬ್ಬಿಣ ಮತ್ತು ಗಂಧಕ. ಅದಕ್ಕೆ ಗಾಳಿ, ನೀರು ಎರಡೂ ತಾಗಿದರೆ ಗಂಧಕದ ಆಮ್ಲ ಹುಟ್ಟುತ್ತದೆ. ನೂರು ವರ್ಷ ನೀರು ಎತ್ತಿ ಎತ್ತಿ ಗುಡ್ಡದ ಒಳಗೆಲ್ಲ ಗಾಳಿ ಆಡಿಸಿದ್ದರು. ನೀರು ಮರಳಿ ಏರಿದಾಗ ಆಮ್ಲದ ಜೊತೆ ತಾಮ್ರ, ಸತು, ಕ್ಯಾಡ್ಮಿಯಂ, ಆರ್ಸೆನಿಕ್ ಕರಗಿ ಬಂದವು. ಒಂದು ಕಾಲಕ್ಕೆ ಹೊಂಡದ ನೀರಿನ ಪಿಎಚ್ (ಇದು ಇಳಿದಷ್ಟೂ ಹುಳಿ ಹೆಚ್ಚು) 2.5ರ ಆಸುಪಾಸು ಇತ್ತು, ನಿಂಬೆರಸದಷ್ಟು ಹುಳಿ. 1995ರ ನವೆಂಬರಿನಲ್ಲಿ ಹಿಮ ಹೆಬ್ಬಾತುಗಳ ಹಿಂಡು ಅಲ್ಲಿ ಇಳಿದು 342 ಸತ್ತವು. 2016ರಲ್ಲಿ ಹಿಮಗಾಳಿಗೆ ಸಿಕ್ಕಿ ಸಾವಿರಗಟ್ಟಲೆ ಇಳಿದವು, ಸತ್ತದ್ದೂ ಸಾವಿರಗಟ್ಟಲೆ. ಈಗ ಅಲ್ಲಿ ಹಕ್ಕಿ ಓಡಿಸುವುದಕ್ಕೇ ಜನ ಇದ್ದಾರೆ. ಬಂದೂಕಿನ ಸದ್ದು, ಲೇಸರ್, ಡ್ರೋನ್ ಎಲ್ಲ ಬಳಸುತ್ತಾರೆ. ಹೊಂಡ ನೋಡಲು ಕಟ್ಟೆಯೂ ಇದೆ, ಟಿಕೆಟ್ ತೆಗೆದುಕೊಂಡು ಹೋಗಬೇಕು.

ಈ ರಸಾಯನ ನನಗೆ ಹೊಸದಲ್ಲ. ನಮ್ಮದು ಅಡಿಕೆ ತೋಟದ ಮನೆ. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಸುಣ್ಣ ಸಾಕೋ ಇಲ್ಲವೋ ಅಂತ ನೋಡಲು ಅಪ್ಪಯ್ಯ ಡ್ರಮ್ಮಿಗೆ ಕತ್ತಿಯ ಅಲಗು ಅದ್ದುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಬೇಕು. ಬ್ಯೂಟ್‌ನಲ್ಲಿ ಇದೇ ಗುಣದಿಂದ ವ್ಯಾಪಾರ ಮಾಡಿದರು. ಗಣಿಯ ನೀರನ್ನು ತೊಟ್ಟಿಗೆ ಹಾಯಿಸಿ ಹಳೆ ಡಬ್ಬಿ, ತಗಡು, ಗುಜರಿ ಕಬ್ಬಿಣ ಹಾಕುವುದು. ಕಬ್ಬಿಣ ನೀರಿಗಿಳಿಯುತ್ತದೆ, ಅದರ ಜಾಗಕ್ಕೆ ತಾಮ್ರ ಕೂರುತ್ತದೆ. ನೀರಿನಿಂದ ತಾಮ್ರ ಬಂತು ಅಂತ ಖುಷಿಪಟ್ಟರು. ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದವರು ಕಡಿಮೆ.

ಮಾದರಿಯ ಜೊತೆ ತೋರಿಸಲು ಒಂದು ಗಾಜಿನ ಲೋಟದಲ್ಲಿ ಮೈಲುತುತ್ತದ ನೀರು, ಅದರಲ್ಲೊಂದು ಮೊಳೆ ಇಡುತ್ತೇನೆ. ಫೋನಿನಲ್ಲಿ ಅಪ್ಪಯ್ಯನಿಗೆ ಹೊಂಡದ ಕತೆಯೆಲ್ಲ ಹೇಳಿದೆ. "ಹಂಗಾದ್ರೆ ಅಲ್ಲಿ ಸುಣ್ಣ ಕಡಿಮೆ ಬಿದ್ದಿದೆ ಬಿಡೋ" ಅಂದರು. ತಮಾಷೆಗೆ ಹೇಳಿದ್ದು, ಆದರೆ ಅಲ್ಲಿನ ಶುದ್ಧೀಕರಣ ಘಟಕ ಮಾಡುವುದೂ ಅದನ್ನೇ. 2003ರಲ್ಲಿ ಶುರುವಾದ ಹಾರ್ಸ್‌ಶೂ ಬೆಂಡ್ ಘಟಕದಲ್ಲಿ ನೀರಿಗೆ ಸುಣ್ಣ ಬೆರೆಸಿ ಲೋಹಗಳನ್ನು ಕೆಸರಾಗಿ ಕೂರಿಸುತ್ತಾರೆ. ಹೊಂಡದ ಪಿಎಚ್ ಈಗ 4 ದಾಟಿದೆ. ಮೊದಲು ಕೆಂಪು ಕಂದು ಇದ್ದ ನೀರು ಹಸಿರಾಗಿದೆ.

ನೀರು ಸಮುದ್ರಮಟ್ಟದಿಂದ 5,410 ಅಡಿ ದಾಟಬಾರದು ಎಂದು ಗೆರೆ ಹಾಕಿದ್ದಾರೆ. ಅಲ್ಲಿಯವರೆಗೆ ಸುತ್ತಲಿನ ಅಂತರ್ಜಲ ಹೊಂಡದ ಕಡೆಗೇ ಹರಿಯುತ್ತದೆ. ದಾಟಿದರೆ ಹೊಂಡದ ನೀರೇ ಸಿಲ್ವರ್ ಬೋ ಹಳ್ಳದ ಕಡೆ ಹೊರಡುತ್ತದೆ. ಅದಕ್ಕೆ 2019ರಿಂದ ಹೊಂಡದ ನೀರನ್ನೇ ಎತ್ತಿ, ಶುದ್ಧ ಮಾಡಿ ಹಳ್ಳಕ್ಕೆ ಬಿಡುತ್ತಿದ್ದಾರೆ. ಈ ಪಂಪು ನಿಲ್ಲಿಸುವ ದಿನ ಅಂತ ಒಂದಿಲ್ಲ. ಗಣಿ ನಡೆದದ್ದು ನೂರು ವರ್ಷ, ಸುಣ್ಣ ಹಾಕುವ ಕೆಲಸಕ್ಕೆ ಕೊನೆಯೇ ಇಲ್ಲ. ಹಾಗಾಗಿ 5,410 ಅಡಿಯ ಗೆರೆಯನ್ನು ಹೊಂಡದ ಗೋಡೆಗೆ ಕೆಂಪು ದಾರದಲ್ಲಿ ಸುತ್ತ ಅಂಟಿಸಿದ್ದೇನೆ. ಇಡೀ ಮಾದರಿಯಲ್ಲಿ ನನಗೆ ಮುಖ್ಯವಾದದ್ದು ಆ ದಾರ.

ರೆಸಿನ್ ಎಷ್ಟು ಬೇಕು ಅಂತ ಲೆಕ್ಕ ಹಾಕಿದೆ. ಹೊಂಡದಲ್ಲಿ 15,000 ಕೋಟಿ ಲೀಟರಿಗೂ ಜಾಸ್ತಿ ನೀರಿದೆ. ಅದನ್ನು 5000ದಿಂದ ಮೂರು ಸಲ ಭಾಗಿಸಿದರೆ ಬರುವುದು 1.2 ಲೀಟರ್! ಒಮ್ಮೆಗೇ ಹೊಯ್ದರೆ ಬಿಸಿಯಾಗಿ ಬಿರುಕು ಬಿಡುತ್ತದೆ, ಸನ್‌ಬೋರ್ಡೂ ಕರಗಬಹುದು. ಅದಕ್ಕೆ ತೆಳು ಪದರಗಳಲ್ಲಿ ಹೊಯ್ಯುತ್ತಿದ್ದೇನೆ. ಹೊಂಡಕ್ಕೆ ವ್ಯಾಸಲೀನ್ ಸವರಿದ ಪ್ಲಾಸ್ಟಿಕ್ ಹಾಳೆ ಹಾಸಿದ್ದರಿಂದ ನೀರನ್ನೂ ಎತ್ತಿ ತೆಗೆಯಬಹುದು. ಆಗ 1982ರ ಒಣ ಹೊಂಡ ಕಾಣುತ್ತದೆ. ತಳಕ್ಕೆ ಕಂದು, ಮೇಲಕ್ಕೆ ಬಂದಂತೆ ಹಸಿರು ಬೆರೆಸುತ್ತಿದ್ದೇನೆ. ಶಾಫ್ಟ್ ತಂತಿಗಳಿಗೂ ಅದೇ ಎತ್ತರದವರೆಗೆ ಹಸಿರು ಬಣ್ಣ. ಒಳಗೆ ಎಲ್ಲ ಒಂದೇ ನೀರು ತಾನೇ.

ಮುಂದೆ

ಕೆಳಗಿನ ಹರಿವು ಬಾಕಿ ಇದೆ. 1908ರ ಪ್ರವಾಹದಲ್ಲಿ ಗಣಿಯ ಹೂಳು ಸಿಲ್ವರ್ ಬೋ ಹಳ್ಳ, ಕ್ಲಾರ್ಕ್ ಫೋರ್ಕ್ ನದಿ ಹಿಡಿದು ಸುಮಾರು 190 ಕಿ.ಮೀ. ದೂರದ ಮಿಲ್‌ಟೌನ್ ಅಣೆಕಟ್ಟೆಯ ಹಿಂದೆ ಹೋಗಿ ಕೂತಿತು. 1981ರಲ್ಲಿ ಅಲ್ಲಿನ ಕುಡಿಯುವ ಬಾವಿಗಳಲ್ಲಿ ಆರ್ಸೆನಿಕ್ ಸಿಕ್ಕಿತು. 1983ರಲ್ಲಿ ಹಳ್ಳ, ಅನಕೊಂಡ, ಮಿಲ್‌ಟೌನ್ ಮೂರೂ ವಿಷವೇರಿದ ಜಾಗಗಳನ್ನು ಶುದ್ಧ ಮಾಡಿಸುವ ಅಮೆರಿಕದ ಕಾನೂನಿನ ಸೂಪರ್‌ಫಂಡ್ ಪಟ್ಟಿಗೆ ಸೇರಿದವು. ಕೊಂಡವರ ತಲೆಗೇ ಹಳೆ ಸಾಲ ಕಟ್ಟುವ ಆ ಕಾನೂನು ಇಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಕೆಜಿಎಫ್ 2001ರಲ್ಲಿ ಮುಚ್ಚಿತು, ಅಲ್ಲೂ ಶಾಫ್ಟ್‌ಗಳಿಗೆ ನೀರು ತುಂಬಿತು, ಸೈನೈಡ್ ದಿಬ್ಬಗಳು ಊರಿನ ಪಕ್ಕ ಹಾಗೇ ಉಳಿದವು. ಮಿಲ್‌ಟೌನ್‌ನಲ್ಲಿ 2008ರಲ್ಲಿ ಅಣೆಕಟ್ಟು ಒಡೆದು ಹೂಳನ್ನು ರೈಲಿಗೆ ತುಂಬಿ ಅನಕೊಂಡ ಬಳಿಯ ಆಪರ್ಚುನಿಟಿ ಎಂಬ ಹಳ್ಳಿಯ ಪಕ್ಕ ಸುರಿದರು. ನದಿ ಬದುಕಿತು. ಆ ಹಳ್ಳಿಯವರು ಸಿಟ್ಟಾದರು, ಆಗದೆ ಏನು?

ಇದನ್ನು 1:5000ರಲ್ಲಿ ಮಾಡಿದರೆ ಮಿಲ್‌ಟೌನ್ ನಮ್ಮ ಮನೆಯಿಂದ 38 ಮೀಟರ್ ದೂರ, ಎದುರು ಬೀದಿಯ ಬೇಕರಿ ಹತ್ತಿರ ಬರುತ್ತದೆ. ಆದ್ದರಿಂದ ಗೋಡೆಗೆ 1:1,00,000 ಅಳತೆಯ ಪಟ್ಟಿ, ಸುಮಾರು 2 ಮೀಟರ್ ಉದ್ದ. ಹಾಲಿನ ಗೋಡೆ ಕೇಳಿದೆ, ಸಿಗಲಿಲ್ಲ. ಅಡುಗೆಮನೆಗೆ ಹೋಗುವ ಓಣಿ ಸಿಕ್ಕಿದೆ. ಅಲ್ಲಿ ಬೆಳಕು ಸಾಲದು, ಒಂದು ಟ್ಯೂಬ್‌ಲೈಟ್ ಹಾಕಿಸಬೇಕು. ಅನಕೊಂಡದ 178 ಮೀಟರ್ ಎತ್ತರದ ಚಿಮಣಿ ಆ ಅಳತೆಯಲ್ಲಿ 2 ಮಿ.ಮೀ. ಕೂಡ ಬರುವುದಿಲ್ಲ, ಅದನ್ನು ಬೇರೆಯಾಗಿ ಪಿವಿಸಿ ಪೈಪಿನಲ್ಲಿ ಮಾಡುವ ಆಲೋಚನೆ ಇದೆ. ಮೊದಲು ರೆಸಿನ್ ಮುಗಿಯಲಿ.