ಆರ್ಡುಯಿನೋ ಬೋರ್ಡ್: ಕಲಿಯುವ ಮೇಜಿನಿಂದ ತೋಟದವರೆಗೆ

ಹವ್ಯಾಸಕ್ಕಾಗಿ ಎಲೆಕ್ಟ್ರಾನಿಕ್ಸ್ ಕಲಿಯಹೊರಟವರ ಕೈಗೆ ಮೊದಲು ಬರುವ ಬೋರ್ಡ್ ಬಹುಮಟ್ಟಿಗೆ ಆರ್ಡುಯಿನೋ ಊನೋ, ಇಲ್ಲವೇ ಅದರ ಕ್ಲೋನ್ (ಬೇರೆಯವರು ತಯಾರಿಸಿದ ನಕಲು). ಸೆನ್ಸರ್, ಮೋಟಾರುಗಳನ್ನು ಜೋಡಿಸಿ, ನಾವು ಬರೆದ ಪ್ರೋಗ್ರಾಮಿನಂತೆ ನಡೆಸಬಲ್ಲ ಪುಟ್ಟ ಕಂಪ್ಯೂಟರ್ ಇದು. 2005ರಲ್ಲಿ ಇಟಲಿಯ ಇವ್ರೆಯಾ ಊರಿನ ಇಂಟರಾಕ್ಷನ್ ಡಿಸೈನ್ ಸಂಸ್ಥೆಯಲ್ಲಿ, ಎಂಜಿನಿಯರಿಂಗ್ ಓದದ ವಿನ್ಯಾಸ ವಿದ್ಯಾರ್ಥಿಗಳಿಗೂ ಎಟುಕಲೆಂದು ಮಾಸ್ಸಿಮೋ ಬಾಂಜಿ ಮತ್ತು ಸಂಗಡಿಗರು ಆರ್ಡುಯಿನೋವನ್ನು ರೂಪಿಸಿದರು. ಅದೇ ಸಂಸ್ಥೆಯಲ್ಲಿ ಹೆರ್ನಾಂಡೋ ಬರಗಾನ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಕಟ್ಟಿದ್ದ ‘ವೈರಿಂಗ್’ ಎಂಬ ಬೋರ್ಡ್ ಮತ್ತು ತಂತ್ರಾಂಶ ಇದಕ್ಕೆ ತಳಹದಿಯಾಗಿತ್ತು. ಈ ಕಥೆಯನ್ನು ಹೇಳುವಾಗ ಆ ಹೆಸರನ್ನು ಬಿಡುವುದು ನ್ಯಾಯವಲ್ಲ.

ಊನೋದ ನಕ್ಷೆ ಮತ್ತು ತಂತ್ರಾಂಶ ಎರಡೂ ಬಹಿರಂಗವಾಗಿರುವುದರಿಂದ ಯಾರು ಬೇಕಾದರೂ ಅದನ್ನು ತಯಾರಿಸಿ ಮಾರಬಹುದು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಗ್ಗದ ಕ್ಲೋನ್‌ಗಳು ಸಿಗುವುದೂ ಇದರಿಂದಲೇ. ಹೆಸರು ಮಾತ್ರ ಟ್ರೇಡ್‌ಮಾರ್ಕ್. ಬೋರ್ಡಿನ ಮೇಲಿರುವ ಎಟಿಮೆಗಾ328ಪಿ ಚಿಪ್ಪಿನ ಒಳವಿನ್ಯಾಸವೂ ಕಂಪನಿಯ ಸ್ವತ್ತೇ. ಅಟ್ಮೆಲ್ ತಯಾರಿಸುತ್ತಿದ್ದ ಅದು 2016ರಲ್ಲಿ ಮೈಕ್ರೋಚಿಪ್‌ನ ಪಾಲಾಯಿತು. ಹೀಗಾಗಿ ಇಲ್ಲಿನ ಮುಕ್ತತೆ ಚಿಪ್ಪಿನ ಕಾಲುಗಳವರೆಗೆ ಬಂದು ನಿಲ್ಲುತ್ತದೆ. ಅಷ್ಟಾದರೂ ಅದು ಸಣ್ಣ ಸಂಗತಿಯಲ್ಲ. ನನ್ನ ಮಟ್ಟಿಗೆ ಅದರ ಬೆಲೆ ತಿಳಿಯುವುದು ಬೋರ್ಡಿನ ಮಿತಿ ಎದುರಾಗಿ, ಅದನ್ನು ದಾಟಿ ಹೋಗಬೇಕಾದಾಗ.

ಊನೋದ ಚಿಪ್ 8 ಬಿಟ್‌ನದು, 16 ಮೆಗಾಹರ್ಟ್ಸ್ ವೇಗದ್ದು. ಪ್ರೋಗ್ರಾಂಗೆ 32 ಕಿಲೋಬೈಟ್ ಜಾಗವಿದ್ದರೆ ರ‍್ಯಾಮ್ ಇರುವುದು 2 ಕಿಲೋಬೈಟ್ ಮಾತ್ರ. 128×64 ಚುಕ್ಕಿಗಳ ಪುಟ್ಟ ಓಎಲ್‌ಇಡಿ ಪರದೆಯ ಇಡೀ ಚಿತ್ರವನ್ನು ನೆನಪಿನಲ್ಲಿ ಇಟ್ಟುಕೊಳ್ಳಲು 1,024 ಬೈಟ್ ಬೇಕು, ಅಂದರೆ ಅರ್ಧ ರ‍್ಯಾಮ್ ಅಲ್ಲಿಗೇ ಮುಗಿಯಿತು. ಪಿನ್ನನ್ನು (ಚಿಪ್ಪಿನ ಕಾಲನ್ನು) ಆನ್ ಅಥವಾ ಆಫ್ ಮಾಡುವ ‘ಡಿಜಿಟಲ್‌ರೈಟ್’ ಆಜ್ಞೆ ಕೆಲವು ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ, ಆದರೆ ಪಿನ್ನುಗಳ ಸ್ಥಿತಿಯನ್ನು ಹಿಡಿದಿಡುವ ಪೋರ್ಟ್ ರಿಜಿಸ್ಟರಿಗೆ ನೇರವಾಗಿ ಬರೆದರೆ ಒಂದೆರಡು ಗಡಿಯಾರ ಮಿಡಿತಗಳಲ್ಲಿ ಅದೇ ಕೆಲಸ ಆಗುತ್ತದೆ. ಈ ವ್ಯತ್ಯಾಸ ಏಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಆಜ್ಞೆಯ ಮೂಲ ಕೋಡನ್ನು ತೆರೆದರೆ, ಅದು ಪಿನ್ ಸಂಖ್ಯೆಯನ್ನು ಕೋಷ್ಟಕದಲ್ಲಿ ಹುಡುಕುವುದು, ಆ ಪಿನ್ನಿನಲ್ಲಿ ಪಿಡಬ್ಲ್ಯೂಎಂ (ಪಿನ್ನನ್ನು ವೇಗವಾಗಿ ಆನ್-ಆಫ್ ಮಾಡುವ ವಿಧಾನ) ನಡೆಯುತ್ತಿದ್ದರೆ ನಿಲ್ಲಿಸುವುದು, ಇಂಟರಪ್ಟ್‌ಗಳನ್ನು (ಕೆಲಸದ ನಡುವೆ ಬರುವ ತುರ್ತು ಕರೆಗಳನ್ನು) ಕ್ಷಣಕಾಲ ತಡೆಹಿಡಿಯುವುದು ಎಲ್ಲವೂ ಸಾಲುಸಾಲಾಗಿ ಕಾಣುತ್ತದೆ. ಇಡೀ ಯಂತ್ರವನ್ನು ಒಬ್ಬ ವಿದ್ಯಾರ್ಥಿ ಒಂದು ಬೇಸಿಗೆ ರಜೆಯಲ್ಲಿ ಬಹುಪಾಲು ಅರಿತುಕೊಳ್ಳಬಹುದಾದಷ್ಟು ಅದು ಚಿಕ್ಕದು, ಅಷ್ಟು ತೆರೆದದ್ದು.

ತೋಟಕ್ಕೆ ಒಯ್ದಾಗ ವಿಷಯ ಬೇರೆಯಾಗುತ್ತದೆ. ಮಣ್ಣಿನ ತೇವ ನೋಡಿ ಹನಿ ನೀರಾವರಿಯ ಮೋಟಾರನ್ನು ನಡೆಸುವುದು ಎಲ್ಲರೂ ಕೈಹಾಕುವ ಯೋಜನೆ. ಎರಡು ಕಡ್ಡಿಗಳ ಅಗ್ಗದ ತೇವದ ಸೆನ್ಸರ್‌ಗೆ ಸದಾ ಕರೆಂಟ್ ಕೊಟ್ಟರೆ ವಿದ್ಯುದ್ವಿಭಜನೆಯಿಂದ ಅದರ ಲೋಹದ ಲೇಪ ಸವೆದುಹೋಗುತ್ತದೆ, ಅಳತೆ ದಿಕ್ಕೆಡುತ್ತದೆ; ಅಳೆಯುವ ಕ್ಷಣದಲ್ಲಿ ಮಾತ್ರ ಕರೆಂಟ್ ಕೊಡಬೇಕು, ಇಲ್ಲವೇ ಲೋಹ ಮಣ್ಣಿಗೆ ತಾಗದೆ ಅಳೆಯುವ ಕೆಪಾಸಿಟಿವ್ ಸೆನ್ಸರ್ ಬಳಸಬೇಕು. ಪಿನ್ನೊಂದರಿಂದ 20 ಮಿಲಿಆಂಪ್‌ಗಿಂತ ಹೆಚ್ಚು ಎಳೆಯುವುದು ಒಳ್ಳೆಯದಲ್ಲ. 5 ವೋಲ್ಟ್‌ನ ಸಾಮಾನ್ಯ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್-ಆಫ್ ಮಾಡುವ ಸ್ವಿಚ್ಚಿನ) ಸುರುಳಿಗೆ ಅದರ ಮೂರು ಪಟ್ಟಿಗೂ ಮೇಲೆ ಬೇಕಾಗುವುದರಿಂದ ನಡುವೆ ಟ್ರಾನ್ಸಿಸ್ಟರ್ ಮತ್ತು ಡಯೋಡ್ ಇರಲೇಬೇಕು. ಆ ರಿಲೇಯ ಆಚೆಗೆ ಮೋಟಾರ್ ಸ್ಟಾರ್ಟರಿನ ಕಾಂಟ್ಯಾಕ್ಟರ್ (ಮೋಟಾರಿನ ದೊಡ್ಡ ಸ್ವಿಚ್) ಎಳೆದು ಬಿಡುವಾಗ ಏಳುವ ವಿದ್ಯುತ್ ಗದ್ದಲಕ್ಕೆ ಬೋರ್ಡ್ ತಾನಾಗಿಯೇ ರಿಸೆಟ್ ಆಗುವುದುಂಟು, ಮತ್ತು ಮೋಟಾರ್ ಆಫ್ ಮಾಡಬೇಕಾದ ಆಜ್ಞೆ ಆಗಲೇ ಕಳೆದುಹೋಗಬಹುದು. ಬಾವಿ ಬತ್ತಿದಾಗ ಪಂಪು ಒಣಗಿ ಓಡದಂತೆ ತಡೆಯುವ ರಕ್ಷಣೆಯನ್ನು ಇಂಥ ಬೋರ್ಡಿನ ಮೇಲೆ ಮಾತ್ರ ಬಿಡಬಾರದು. ಅದಕ್ಕೆ ಪ್ರತ್ಯೇಕ ಡ್ರೈ-ರನ್ ಪ್ರಿವೆಂಟರ್ ಇರಲಿ ಎಂಬುದು ನನ್ನ ದೃಢ ಅಭಿಪ್ರಾಯ.

ತಿಂಗಳುಗಟ್ಟಲೆ ಓಡುವ ಸಾಧನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೋರ್ಡ್ ಆನ್ ಆದಾಗಿನಿಂದ ಮಿಲಿಸೆಕೆಂಡ್ ಎಣಿಸುವ 32 ಬಿಟ್‌ನ ಎಣಿಕೆ ಸುಮಾರು 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಈಗಿನ ಎಣಿಕೆಯಿಂದ ಹಿಂದಿನದನ್ನು ಕಳೆದು, ಬಂದ ಉತ್ತರವನ್ನು ಅವಧಿಯೊಂದಿಗೆ ಹೋಲಿಸಿದರೆ ಏನೂ ತೊಂದರೆಯಿಲ್ಲ. ಹಿಂದಿನ ಎಣಿಕೆಗೆ ಅವಧಿಯನ್ನು ಕೂಡಿಸಿಟ್ಟು ಅದನ್ನು ದಾಟಿತೇ ಎಂದು ಕೇಳಿದರೆ ಲೆಕ್ಕ ಆ ಹೊತ್ತಿನಲ್ಲಿ ತಪ್ಪುತ್ತದೆ. ಮೇಜಿನ ಮೇಲೆ ಒಂದು ವಾರ ಪರೀಕ್ಷಿಸಿದವರಿಗೆ ಈ ದೋಷ ಕಾಣಿಸುವುದೇ ಇಲ್ಲ.

ಬ್ಯಾಟರಿಯ ವಿಷಯದಲ್ಲಿ ಊನೋ ನಿಜಕ್ಕೂ ದುಂದುಗಾರ. ಯುಎಸ್‌ಬಿ ಚಿಪ್, ರೆಗ್ಯುಲೇಟರ್, ಉರಿಯುತ್ತಲೇ ಇರುವ ಎಲ್‌ಇಡಿ ಎಲ್ಲ ಸೇರಿ ಸುಮ್ಮನಿದ್ದರೂ 45 ಮಿಲಿಆಂಪ್‌ನಷ್ಟು ಎಳೆಯುವುದರಿಂದ 2,000 ಮಿಲಿಆಂಪ್-ಅವರ್ ಬ್ಯಾಟರಿ ಎರಡು ದಿನವೂ ಬಾಳುವುದಿಲ್ಲ. ಅದೇ ಚಿಪ್ಪನ್ನು ಗಡಿಯಾರ ಮಿಡಿತ ಕೊಡುವ ಒಂದು ಕ್ರಿಸ್ಟಲ್, ಎರಡು 22 ಪಿಕೋಫ್ಯಾರಡ್ ಕೆಪಾಸಿಟರ್, ಒಂದು 10 ಕಿಲೋಓಮ್ ರೆಸಿಸ್ಟರ್ ಜೊತೆಗೆ ಬೇರೆ ಪಿಸಿಬಿಯಲ್ಲಿ (ಸರ್ಕ್ಯೂಟ್ ಹಲಗೆಯಲ್ಲಿ) ಬೆಸೆದು, ಕೆಲಸವಿಲ್ಲದಾಗ ಮಲಗಿಸಿದರೆ ಬಳಕೆ ಮೈಕ್ರೋಆಂಪ್‌ಗಳಿಗೆ ಇಳಿಯುತ್ತದೆ. ಯಾವ ಭಾಗ ಎಲ್ಲಿಗೆ ಎಂಬುದೆಲ್ಲ ಪ್ರಕಟವಾದ ನಕ್ಷೆಯಲ್ಲೇ ಇದೆ, ಬರೆದ ಪ್ರೋಗ್ರಾಮನ್ನೂ ಹಾಗೆಯೇ ಒಯ್ಯಬಹುದು.

2023ರಲ್ಲಿ ಬಂದ ಊನೋ ಆರ್4ರಲ್ಲಿ 32 ಬಿಟ್‌ನ, 48 ಮೆಗಾಹರ್ಟ್ಸ್ ವೇಗದ ಚಿಪ್ ಇದೆ. ವೈಫೈ ಬೇಕಾದವರಿಗೆ ಅದು ಒಳಗೇ ಇರುವ ಚಿಪ್ಪಾದ ಇಎಸ್‌ಪಿ32 ಹೆಚ್ಚು ಒಗ್ಗುತ್ತದೆ. ಆದರೆ ಮೊದಲ ಬೋರ್ಡ್ ಯಾವುದನ್ನು ಕೊಳ್ಳಲಿ ಎಂದು ಕೇಳುವ ವಿದ್ಯಾರ್ಥಿಗೆ, ಸಾಕೆಟ್‌ನಲ್ಲಿ ಕೂರಿಸಿದ 28 ಕಾಲಿನ ಚಿಪ್ ಇರುವ ಹಳೆಯ ಆರ್3 ಮಾದರಿಯನ್ನೇ ಹೇಳುತ್ತೇನೆ. ಅದರ ಚಿಪ್ಪನ್ನು ಬೋರ್ಡಿನಿಂದ ಕಿತ್ತು, ಬೆಸುಗೆಯಿಲ್ಲದೆ ಭಾಗಗಳನ್ನು ಜೋಡಿಸುವ ಬ್ರೆಡ್‌ಬೋರ್ಡಿನಲ್ಲಿ ನೆಟ್ಟು ನೋಡಬಹುದು.