ಮೂವತ್ತು ಡಿಗ್ರಿ

ರಜೆಗೆ ಊರಿಗೆ ಬಂದಿದ್ದೇನೆ. ಇವತ್ತು ಸಕಲೇಶಪುರದ ತೋಟದಲ್ಲಿ ಭಾವ ಕಾಫಿ ಮೂಟೆ ತುಂಬಿದ ಟ್ರೇಲರನ್ನು ರಿವರ್ಸ್ ತೆಗೆಯುತ್ತಿದ್ದರು. ಟ್ರ್ಯಾಕ್ಟರೂ ಟ್ರೇಲರೂ ಮಡಚಿದ ಮೊಣಕೈ ಥರ ಸೊಟ್ಟಗಾದವು. "ಸಾಕು ಭಾವ, ಸಾಕು!" ಕೂಗಿಯೇ ಬಿಟ್ಟೆ.

ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಕೆಲಸದ ಅಭ್ಯಾಸ, ಏನು ಮಾಡೋದು. ಸೆಸ್ನಾ 172 ವಿಮಾನವನ್ನು ಎಳೆಯುವಾಗ ಮೂಗಿನ ಚಕ್ರ ಎಡಕ್ಕಾಗಲಿ ಬಲಕ್ಕಾಗಲಿ 30 ಡಿಗ್ರಿ ಮೀರುವಂತಿಲ್ಲ. ಮೀರಿದರೆ ಗೇರ್, ಅಂದರೆ ಆ ಚಕ್ರ ಹೊತ್ತ ಕಾಲು, ಹಾಳು. ಟೋ ಬಾರ್ ಅನ್ನೋ ಎಳೆಯುವ ಸರಳು ಹಿಡಿದು ಕೈಯಲ್ಲೇ ಎಳೆದರೆ ಬಿಗಿಯಾದದ್ದು ಗೊತ್ತಾಗುತ್ತದೆ. ಗಾಡಿಗೆ ಕಟ್ಟಿದರೆ ಗೊತ್ತೇ ಆಗಲ್ಲ. ಒಮ್ಮೆ ನನ್ನ ಕೈಯಲ್ಲೇ 'ಟಕ್' ಅಂದಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಭಾವ ನಕ್ಕರು. "ಇದು ನಿನ್ನ ವಿಮಾನ ಅಲ್ಲ ಕಣಯ್ಯ, ಬಾ, ಮೂಟೆ ಇಳಿಸು."