ಮಾತ್ರೆ ಆಗಿಬರ್ತಿಲ್ಲ ಅಂತ ಡಾಕ್ಟರಿಗೆ ಹೇಳೋದು ಹೇಗೆ?

ನಾನು ಖಿನ್ನತೆಗೆ ಮಾತ್ರೆ ತಿನ್ನುವುದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಹಾಗಾಗಿ ಕಾಸರಗೋಡಿನ ಬದಿಯಡ್ಕದ ಬಸ್ಸಿನಲ್ಲೋ ಮದುವೆಮನೆಯಲ್ಲೋ ಯಾರಾದರೂ ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಾರೆ: "ಮಾತ್ರೆಯಿಂದ ತೊಂದರೆ ಆಗ್ತಾ ಉಂಟು. ಹೇಳಿದ್ರೆ ಡಾಕ್ಟರಿಗೆ ಬೇಜಾರಾಗುದಿಲ್ವಾ?"

ಹೇಳಿ. ಆದರೆ ರೋಗದ ಹೆಸರು ಹೇಳಬೇಡಿ, ಮನೆಯಲ್ಲಿ ನಡೆದದ್ದನ್ನು ಹೇಳಿ. ನಾನು ಇದನ್ನು ಕಲಿತದ್ದು ಎಡವಿದ ಮೇಲೆ.

ಮೊದಲಿದ್ದ ಮಾತ್ರೆ ಸಾಲದು ಅಂತ ಡಾಕ್ಟರ್ ಅದರ ಜೊತೆಗೆ ಅರಿಪಿಪ್ರಜೋಲ್ ಅನ್ನುವ ಮಾತ್ರೆ ಸೇರಿಸಿದರು. ವಾರದೊಳಗೆ ನನಗೆ ಒಂದು ಕಡೆ ಕೂರಲಿಕ್ಕೆ ಆಗದ ಹಾಗಾಯಿತು. ಸಂಜೆ ಅಡಿಕೆ ಸುಲಿಯಲು ಕೂತರೆ ಹತ್ತೇ ನಿಮಿಷ. ಎದ್ದು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುವುದು, ಮತ್ತೆ ಕೂರುವುದು, ಮತ್ತೆ ಏಳುವುದು. "ಎಂತ ಮಾರಾಯ್ತಿ, ಇರುವೆ ಹತ್ತಿದ ಹಾಗೆ?" ಅಂದರು ಅತ್ತೆ.

ನಮ್ಮ ಡಾಕ್ಟರು ಮಲಯಾಳಿ. ನನ್ನ ಮಲಯಾಳ ಬಸ್ಸಿಗೆ, ಅಂಗಡಿಗೆ ಸಾಕು. ಕಾಲಿನ ಈ ಚಡಪಡಿಕೆಗೆ ಶಬ್ದ ಸಿಗಲಿಲ್ಲ. ಸುಮ್ನೆ "ಟೆನ್ಷನ್" ಅಂದುಬಿಟ್ಟೆ. ಅವರು ಗಾಬರಿ ಹೆಚ್ಚಾಗಿದೆ ಅಂದುಕೊಂಡು ಹೊಸ ಮಾತ್ರೆಯ ಡೋಸ್ ಏರಿಸಿದರು. ಆ ರಾತ್ರಿ ಜಗಲಿಯಲ್ಲೇ ಬೆಳಗಾಯಿತು.

(ಅವರು "ಕ್ಷೀಣಂ ಉಂಡೋ?" ಅಂತಲೂ ಕೇಳಿದ್ದರು. ಸುಸ್ತಾಗುತ್ತದೆಯಾ ಅಂತ ಅದರ ಅರ್ಥ. ಸೊರಗಿದ್ದೀಯಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು, ಇಲ್ಲ, ತೂಕ ಜಾಸ್ತಿ ಆಗಿದೆ ಅಂದೆ!)

ಮುಂದಿನ ಸಲ ಅಣ್ಣನ ಮಗಳನ್ನು ಕರಕೊಂಡು ಹೋದೆ. ಅವಳು ಮಲಯಾಳದಲ್ಲಿ ಓದಿದವಳು. ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಅವಳು ಹೇಳಿದಳು: "ಹೊಸ ಮಾತ್ರೆ ಶುರುವಾದ ಆರನೇ ದಿನದಿಂದ. ಮನಸ್ಸಿನಲ್ಲಿ ಗಾಬರಿ ಇಲ್ಲ, ಕಾಲು ಸುಮ್ಮನಿರುವುದಿಲ್ಲ. ಹತ್ತು ನಿಮಿಷ ಕೂರಲಿಕ್ಕೆ ಆಗುವುದಿಲ್ಲ." ಡಾಕ್ಟರ್ ಪೆನ್ನು ಕೆಳಗಿಟ್ಟು ಮೇಜಿನಡಿ ಬಗ್ಗಿ ನೋಡಿದರು. ನನ್ನ ಪಾದಗಳು ಆಗಲೂ ಕುಣಿಯುತ್ತಿದ್ದವು. ಇದಕ್ಕೆ ಅಕತೀಸಿಯಾ ಅನ್ನುತ್ತಾರಂತೆ. ಹೊರಗಿನಿಂದ ಆತಂಕದ ಹಾಗೇ ಕಾಣುತ್ತದೆ, ಡೋಸ್ ಏರಿಸಿದರೆ ಇದೂ ಏರಬಹುದು. ಅವರು ಡೋಸ್ ಇಳಿಸಿ ಸ್ವಲ್ಪ ದಿನಕ್ಕೆ ಈ ಚಡಪಡಿಕೆ ತಗ್ಗಿಸುವ ಪ್ರೊಪ್ರನೊಲಾಲ್ ಕೊಟ್ಟರು. ಹತ್ತು ದಿನದಲ್ಲಿ ಅಡಿಕೆ ಸುಲಿಯಲು ಕೂತೆ.

ಜೊತೆಗೆ ಭಾಷೆ ಬಲ್ಲವರನ್ನು ಕರಕೊಂಡು ಹೋಗಲು ಸಂಕೋಚ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಮದ್ದಿನಿಂದ ಆಗಬಹುದಾದ ಅಡ್ಡಪರಿಣಾಮಗಳನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದು ನಮ್ಮ ಹಕ್ಕು. ಕನ್ನಡದಲ್ಲೇ ಯಾರ ಹತ್ತಿರವಾದರೂ ಮಾತಾಡಬೇಕಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಇದೆ, ಯಾವ ಹೊತ್ತಿಗೂ.

ಎಲ್ಲ ತೊಂದರೆಗೂ ಓಡಬೇಕಾಗಿಲ್ಲ. ಸರ್ಟ್ರಲೀನ್, ಎಸ್ಸಿಟಲೋಪ್ರಾಮ್‌ನಂಥ ಖಿನ್ನತೆಯ ಮಾತ್ರೆಗಳ ಶುರುವಿನಲ್ಲಿ ಬರುವ ಹೊಟ್ಟೆ ತೊಳಸು ಒಂದೆರಡು ವಾರದಲ್ಲಿ ಇಳಿಯುವುದೇ ಜಾಸ್ತಿ. ಮನಸ್ಸಿನ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಒಲಾಂಜಪೀನ್‌ನಿಂದ ಏರುವ ತೂಕ ಹಾಗಲ್ಲ. ಸೀರೆಯ ರವಿಕೆ ಬಿಗಿಯಾಗುವ ಮೊದಲೇ ಹೇಳಿ, ಶುಗರ್ ಕೂಡ ನೋಡಿಸಿ. ಮೈಮೇಲೆ ದದ್ದು ಎದ್ದರೆ, ಜ್ವರದ ಜೊತೆ ಮೈ ಸೆಟೆದರೆ, ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಮನಸ್ಸಿನ ಅತಿಯಾದ ಏರಿಳಿತಕ್ಕೆ ಲಿಥಿಯಂ ತಿನ್ನುವವರಿಗೆ ವಾಂತಿ ಭೇದಿ ಶುರುವಾಗಿ ಕೈ ಜೋರಾಗಿ ನಡುಗಿದರೂ ಅದೇ ದಿನ ಹೋಗಬೇಕು.

ಇನ್ನೊಂದು ವಿಷಯ ಉಂಟು, ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಖಿನ್ನತೆಯ ಹಲವು ಮಾತ್ರೆಗಳಿಂದ ಗಂಡ ಹೆಂಡತಿಯ ನಡುವಿನ ಆಸೆ ತಗ್ಗಬಹುದು. ಪಕ್ಕದಲ್ಲಿ ನಾದಿನಿ ಕೂತಿದ್ದರೆ ಇದನ್ನು ಹೇಗೆ ಹೇಳುವುದು? ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ನಾನು ಹಾಗೇ ಮಾಡಿದೆ. ಅವರು ಓದಿ, ಮಡಚಿ, ಜೇಬಿಗೆ ಹಾಕಿಕೊಂಡು ಔಷಧಿ ಬದಲಿಸಿದರು.

ಡಾಕ್ಟರಿಗೆ ಬೇಜಾರಾದದ್ದು ಒಂದೇ ಸಲ. ಆರಾಮಾಗಿದ್ದೇನೆ ಅಂತ ನಾನೇ ಮಾತ್ರೆ ನಿಲ್ಲಿಸಿದ್ದೆ. ತಲೆ ತಿರುಗಿತು, ತಲೆಯೊಳಗೆ ಕರೆಂಟು ಹೊಡೆದ ಹಾಗಾಯಿತು. ಕಾಯಿಲೆ ತಿರುಗಿ ಬಂತು ಅಂತ ಅಳುತ್ತಾ ಹೋದೆ. ಒಮ್ಮೆಗೇ ಬಿಟ್ಟದ್ದರಿಂದ ಹಾಗಾದದ್ದು. ಅವರು ಮಲಯಾಳದಲ್ಲಿ ಏನೋ ಗೊಣಗಿದರು, ಅದು ನನಗೆ ಚೆನ್ನಾಗಿಯೇ ಅರ್ಥವಾಯಿತು.